ಎಡಿನ್‌ಬರೋ ಕೋಟೆಯ ಫೋಟೊದಲ್ಲಿ ಊರು ಎಲ್ಲಿ ಹೋಯಿತು?

ಸ್ಕಾಟ್ಲೆಂಡಿಗೆ ಹೋಗಿಬಂದವರ ಆಲ್ಬಮ್ ತೆರೆದರೆ ಎಡಿನ್‌ಬರೋ ಕೋಟೆಯ ಫೋಟೊ ಇದ್ದೇ ಇರುತ್ತದೆ. ಕಪ್ಪು ಬಂಡೆ, ಅದರ ನೆತ್ತಿಯ ಮೇಲೆ ಕೋಟೆ, ಹಿಂದೆ ಮೋಡ. ಕೆಳಗಿನ ರಸ್ತೆ, ಬಸ್ಸು, ರೈಲು ಹಳಿ, ಮನೆಗಳ ಚಿಮಣಿ ಎಲ್ಲವೂ ಕ್ರಾಪ್ ಆಗಿಹೋಗಿರುತ್ತವೆ. ನನ್ನ ತಕರಾರು ಆ ಕ್ರಾಪಿನ ಬಗ್ಗೆಯೇ. ಊರನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ ಚಿತ್ರ ಚೆಂದವಾಗಿರಬಹುದು. ಆದರೆ ಆ ಕೋಟೆ ಅಲ್ಲೇ ಯಾಕಿದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ಕೋಟೆ ನಿಂತಿರುವುದು ಸುಮಾರು 35 ಕೋಟಿ ವರ್ಷ ಹಳೆಯ ಜ್ವಾಲಾಮುಖಿಯೊಂದರ ಗಂಟಲಲ್ಲಿ ಹೆಪ್ಪುಗಟ್ಟಿದ ಕಲ್ಲಿನ ಮೇಲೆ. ಹಿಮಯುಗದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸರಿದ ಹಿಮರಾಶಿಗೆ ಈ ಗಟ್ಟಿಕಲ್ಲನ್ನು ಸವೆಸಲು ಆಗಲಿಲ್ಲ, ಎರಡೂ ಪಕ್ಕದಿಂದ ಬಳಸಿಕೊಂಡು ಹೋಯಿತು. ಕಲ್ಲಿನ ಮರೆಯಲ್ಲಿದ್ದ ಪೂರ್ವದ ಮೆದು ನೆಲ ಕೊಚ್ಚಿಹೋಗದೆ ಉದ್ದನೆಯ ಇಳಿಜಾರಾಗಿ ಉಳಿದುಕೊಂಡಿತು. ಹಾಗಾಗಿ ಮೂರು ಕಡೆ ಕಡಿದಾದ ಬಂಡೆ, ಹತ್ತಲು ಬರುವುದು ಒಂದೇ ಕಡೆಯಿಂದ. ಆ ಇಳಿಜಾರಿನ ಏಣಿನ ಮೇಲೆಯೇ ರಾಯಲ್ ಮೈಲ್ ಅನ್ನುವ ಬೀದಿ ಕೋಟೆಯ ಬಾಗಿಲಿಂದ ಹೋಲಿರೂಡ್ ಅರಮನೆಯವರೆಗೆ ಇಳಿಯುತ್ತದೆ, ಅದರ ಎರಡೂ ಮಗ್ಗುಲಿಗೆ ಹಳೆಯ ಊರು. ಕೋಟೆಯನ್ನೂ ಬೀದಿಯನ್ನೂ ಹುಟ್ಟಿಸಿದ್ದು ಒಂದೇ ನೆಲ. ಯುನೆಸ್ಕೊ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಇಲ್ಲಿನ ಹಳೆಯ ಊರು, ಹೊಸ ಊರು ಎರಡನ್ನೂ ಒಟ್ಟಿಗೆ.

ಇದನ್ನೆಲ್ಲ ಒಂದೇ ಫ್ರೇಮಿನಲ್ಲಿ ಹೇಳುವ ಜಾಗವೊಂದಿದೆ: ಸ್ಯಾಲಿಸ್‌ಬರಿ ಕ್ರ್ಯಾಗ್ಸ್. ಆರ್ಥರ್ಸ್ ಸೀಟ್ ಬೆಟ್ಟದ ಪಕ್ಕದ ಆ ಬಂಡೆಸಾಲಿನ ಮೇಲೆ ನಿಂತರೆ ಎಡತುದಿಯಲ್ಲಿ ಕೋಟೆ, ಅಲ್ಲಿಂದ ಬಲಕ್ಕೆ ಇಳಿಯುತ್ತ ಬರುವ ಚೂಪು ಗೋಪುರಗಳು, ಚಾವಣಿಗಳು. ಬೆಳಗ್ಗೆ ಹೋದರೆ ಸೂರ್ಯ ಬೆನ್ನ ಹಿಂದಿರುತ್ತಾನೆ, ಊರಿನ ಮೇಲೆ ನೇರ ಬೆಳಕು ಬೀಳುತ್ತದೆ. ಇಲ್ಲಿ ಟೆಲಿ ಲೆನ್ಸ್ ಇದ್ದರೆ ಒಳ್ಳೆಯದು. ದೂರದಿಂದ ಜೂಮ್ ಮಾಡಿದಾಗ ಹಿಂದಿನ ಕೋಟೆ ಮುಂದಿನ ಮನೆಗಳಿಗೆ ಹತ್ತಿರವಾಗಿ, ದೊಡ್ಡದಾಗಿ ಕಾಣುತ್ತದೆ. ಬುಡದಲ್ಲೇ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಅದೇ ಕೋಟೆ ಆಕಾಶದಲ್ಲೊಂದು ಚುಕ್ಕೆಯಾಗುತ್ತದೆ. ಮೊಬೈಲಿನಲ್ಲಿ ತೆಗೆಯುವವರಿಗೂ ನನ್ನ ಸಲಹೆ ಇದೇ, ಹತ್ತಿರ ಹೋಗುವ ಬದಲು ಹಿಂದೆ ಸರಿಯಿರಿ.

ಊರೊಳಗಿನ ಕಾಲ್ಟನ್ ಹಿಲ್ ಗುಡ್ಡದಿಂದ ತೆಗೆಯುವ ಚಿತ್ರ ಎಲ್ಲರಿಗೂ ಗೊತ್ತು. ಮುಂದೆ ತತ್ವಜ್ಞಾನಿ ಡ್ಯೂಗಲ್ಡ್ ಸ್ಟೂವರ್ಟ್ ಸ್ಮಾರಕದ ಕಂಬಗಳು, ದೂರದಲ್ಲಿ ಕೋಟೆ. ಎಲ್ಲರೂ ತೆಗೆಯುವ ಚಿತ್ರ ಅಂತ ಕೆಲವರು ಮೂಗು ಮುರಿಯುತ್ತಾರೆ, ನಾನು ಮುರಿಯುವುದಿಲ್ಲ. ಅದರಲ್ಲಿ ನಡುವಿನ ಊರು ಪೂರ್ತಿ ಉಳಿದಿರುತ್ತದೆ. ಅದೂ ಅಲ್ಲದೆ, 1840ರ ದಶಕದಲ್ಲಿ ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ರಾಬರ್ಟ್ ಆಡಮ್‌ಸನ್ ತಮ್ಮ ಸ್ಟುಡಿಯೊ ನಡೆಸಿದ್ದು ಇದೇ ಗುಡ್ಡದಲ್ಲಿ. ಫೋಟೊಗ್ರಫಿ ಇನ್ನೂ ಕೂಸಾಗಿದ್ದ ಹೊತ್ತು ಅದು. ಅವರು ಕೋಟೆಗೂ ಕ್ಯಾಮೆರಾ ಹೊತ್ತುಕೊಂಡು ಹೋಗಿ 1846ರಲ್ಲಿ ಅಲ್ಲಿನ ಸೈನಿಕರನ್ನು ನಿಲ್ಲಿಸಿ ತೆಗೆದರು. ಕಲ್ಲುಗೋಡೆಯಷ್ಟೇ ಅವರಿಗೆ ಸಾಕಾಗಲಿಲ್ಲ ಅನ್ನುವುದು ನನಗೆ ದೊಡ್ಡ ಸಂಗತಿ.

ಇನ್ನು ಬೆಳಕು. ಹೆಚ್ಚಿನವರು ನಿಲ್ಲುವುದು ಪ್ರಿನ್ಸಸ್ ಸ್ಟ್ರೀಟಿನಲ್ಲಿ, ಅಂದರೆ ಕೋಟೆಯ ಉತ್ತರಕ್ಕೆ. ಊರು ಇರುವುದು ಸುಮಾರು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಹತ್ತು ಹನ್ನೊಂದು ಡಿಗ್ರಿಗಿಂತ ಮೇಲೇರುವುದಿಲ್ಲ, ಇರುವುದೂ ದಕ್ಷಿಣಕ್ಕೆ. ಆಗ ಪ್ರಿನ್ಸಸ್ ಸ್ಟ್ರೀಟಿನಿಂದ ತೆಗೆದರೆ ಕೋಟೆ ಬರೀ ಕಪ್ಪು ಆಕಾರ. ಅದೇ ಜೂನ್ ಸಂಜೆ, ಸೂರ್ಯ ವಾಯವ್ಯಕ್ಕೆ ಸರಿದು ರಾತ್ರಿ ಹತ್ತರ ಹೊತ್ತಿಗೆ ಮುಳುಗುವಾಗ, ವರ್ಷದ ಹೆಚ್ಚು ದಿನ ನೆರಳಲ್ಲಿರುವ ಉತ್ತರದ ಬಂಡೆ ಬೆಳಗುತ್ತದೆ, ಕಲ್ಲಿನ ಸೀಳು ಸೀಳೂ ಕಾಣುತ್ತದೆ. ಚಳಿಗಾಲದಲ್ಲಿ ಹೋಗುವವರು ದಕ್ಷಿಣಕ್ಕೆ ಬನ್ನಿ, ಗ್ರಾಸ್‌ಮಾರ್ಕೆಟ್ ಮೇಲಿನ ವೆನೆಲ್ ಮೆಟ್ಟಿಲುಗಳಿಗೆ. ಕೋಟೆಯ ಬಿಸಿಲು ಬೀಳುವ ಮುಖ ಅಲ್ಲಿಂದ ಎದುರಿಗಿದೆ. 1513ರಲ್ಲಿ ಫ್ಲಾಡೆನ್ ಯುದ್ಧದಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿಗೆ ಸೋತ ನಂತರ ಕಟ್ಟಿದ ಊರಗೋಡೆಯ ತುಂಡೊಂದು ಪಕ್ಕದಲ್ಲೇ ನಿಂತಿದೆ. ಅದು ಓಡಾಡುವ ದಾರಿ ಅನ್ನುವುದು ಮಾತ್ರ ನೆನಪಿರಲಿ, ಮೆಟ್ಟಿಲಿಗೆ ಅಡ್ಡ ಟ್ರೈಪಾಡ್ ಊರಬೇಡಿ.

ಬೆಳಗಿನ ಬೆಳಕಿಗೆ ಇಲ್ಲೊಬ್ಬ ಹಳೆಯ ಗುರು ಇದ್ದ. ಥಾಮಸ್ ಕೀತ್, ಕಸುಬಿನಲ್ಲಿ ಶಸ್ತ್ರವೈದ್ಯ. 1850ರ ದಶಕದಲ್ಲಿ, ಮೇಣ ಸವರಿದ ಕಾಗದದ ನೆಗೆಟಿವ್ ಬಳಸಿ, ಬೇಸಿಗೆಯ ಮುಂಜಾನೆಗಳಲ್ಲಿ ಈ ಊರನ್ನು ತೆಗೆಯುತ್ತಿದ್ದ. ಏಳು ಗಂಟೆಗೆ ಮುಂಚಿನ ಮೃದು ಬೆಳಕೇ ಅವನಿಗೆ ಇಷ್ಟ. ಅವನ ಚಿತ್ರಗಳಲ್ಲಿ ಗಲ್ಲಿಗಳು, ಹಳೆಯ ಮನೆಗಳ ಗೋಡೆಗಳು ಸಿಗುವಷ್ಟು ವಿವರವಾಗಿ ಇವತ್ತಿನ ಸಾವಿರ ಮೊಬೈಲ್ ಫೋಟೊಗಳಲ್ಲಿ ಸಿಗುವುದಿಲ್ಲ ಅಂತ ನನ್ನ ಅಭಿಪ್ರಾಯ.

ಈಗ ಜನ ಕ್ರಾಪ್ ಮಾಡುವ ವಸ್ತುಗಳ ವಿಚಾರ. ಬಂಡೆಯ ಉತ್ತರಕ್ಕೆ ಹಿಂದೆ ನಾರ್ ಲಾಕ್ ಅನ್ನುವ ಕೆರೆ ಇತ್ತು. ಅದನ್ನು ಬತ್ತಿಸಿದ ಜಾಗದಲ್ಲೇ ಈಗಿನ ತೋಟ, ತೋಟದೊಳಗೆ 1840ರ ದಶಕದಲ್ಲಿ ಬಂದ ರೈಲು ಹಳಿ. ಕೋಟೆಯ ಬುಡದಲ್ಲೇ ರೈಲು ಹಾದುಹೋಗುತ್ತದೆ. ಅದಕ್ಕಿಂತ ಒಳ್ಳೆಯ ಮುನ್ನೆಲೆ ಯಾವ ಫೋಟೊಗ್ರಾಫರಿಗೆ ಬೇಕು? ಆಗಸ್ಟಿನಲ್ಲಿ ನಡೆಯುವ ಮಿಲಿಟರಿ ಟ್ಯಾಟೂ ಅನ್ನುವ ಸೇನಾ ವಾದ್ಯಮೇಳಗಳ ಪ್ರದರ್ಶನಕ್ಕಾಗಿ ಕೋಟೆಯ ಮುಂದಿನ ಬಯಲಲ್ಲಿ ಕಟ್ಟುವ ಪ್ರೇಕ್ಷಕರ ಗ್ಯಾಲರಿಯನ್ನೂ ಎಡಿಟ್ ಮಾಡಿ ಅಳಿಸುವವರಿದ್ದಾರೆ. 1950ರಿಂದ ನಡೆದುಬಂದಿರುವ ಪ್ರದರ್ಶನ ಅದು, ಕೋಟೆಯ ಬದುಕಿನ ಭಾಗ. ಅಳಿಸಿದರೆ ಆ ಬೇಸಿಗೆಯನ್ನೇ ಅಳಿಸಿದಂತೆ.

ಮಧ್ಯಾಹ್ನ ಒಂದು ಗಂಟೆಗೆ ಕೋಟೆಯಿಂದ ಫಿರಂಗಿ ಹಾರಿಸುವ ರೂಢಿಯೂ ಇದೆ, 1861ರಿಂದ. ಫೋರ್ತ್ ಕೊಲ್ಲಿಯ ಹಡಗುಗಳವರು ಗಡಿಯಾರ ಸರಿಪಡಿಸಿಕೊಳ್ಳಲಿ ಅಂತ ಶುರುವಾದದ್ದು. ಪ್ರವಾಸಿಗರೆಲ್ಲ ಕೋಟೆಯೊಳಗೆ ಫಿರಂಗಿಯ ಮುಂದೆ ಮೊಬೈಲ್ ಹಿಡಿದು ನಿಂತಿರುತ್ತಾರೆ. ನಾನಾದರೆ ಕೆಳಗೆ ಪ್ರಿನ್ಸಸ್ ಸ್ಟ್ರೀಟಿನಲ್ಲೇ ನಿಲ್ಲಿ ಅನ್ನುತ್ತೇನೆ. ಸದ್ದಾದ ಕ್ಷಣ ಹೊಸಬರು ಬೆಚ್ಚಿ ತಲೆಯೆತ್ತುತ್ತಾರೆ, ಊರಿನವರು ಕೈಗಡಿಯಾರ ನೋಡಿಕೊಂಡು ಮುಂದೆ ನಡೆಯುತ್ತಾರೆ, ಅವರೆಲ್ಲರ ಮೇಲೆ ಕೋಟೆ. ಆ ಫ್ರೇಮ್ ಹಿಡಿಯಿರಿ. ಭಾನುವಾರ, ಗುಡ್ ಫ್ರೈಡೇ ಮತ್ತು ಕ್ರಿಸ್‌ಮಸ್ ದಿನ ಫಿರಂಗಿ ಹಾರಿಸುವುದಿಲ್ಲ, ಉಳಿದ ದಿನ ನೋಡಿಕೊಂಡು ಹೋಗಿ.