ಕಲಬುರಗಿಯ ನವ ಶಾಸನಕಾರರು

ಕಲಬುರಗಿಯಲ್ಲಿ ಯಾವುದು ಹೆಸರಾಂತ ತಾಣ, ಯಾವುದು ಎಲೆಮರೆಯ ಕಾಯಿ ಎಂದು ತಿಳಿಯಲು ಯಾರೂ ಸಮೀಕ್ಷೆ ನಡೆಸಬೇಕಾಗಿಲ್ಲ. ಗೋಡೆ ನೋಡಿದರೆ ಸಾಕು. ನೆಲದಿಂದ ಕೈಯೆಟಕುವ ಎತ್ತರದವರೆಗೆ ಅಂಗುಲವೂ ಖಾಲಿಯಿಲ್ಲದಂತೆ ಹೆಸರುಗಳನ್ನು ಕೊರೆದಿದ್ದರೆ ಅದು ಸುಪ್ರಸಿದ್ಧ. ಅಲ್ಲಲ್ಲಿ ನಾಲ್ಕಾರು ಹೃದಯಗಳಷ್ಟೇ ಇದ್ದರೆ ಈಗಷ್ಟೇ ಬೆಳಕಿಗೆ ಬರುತ್ತಿರುವ ತಾಣ. ಗಚ್ಚು ಹಾಗೆಯೇ ಉಳಿದಿದ್ದರೆ, ಪಾಪ, ಅಲ್ಲಿಗಿನ್ನೂ ರಸ್ತೆಯಾಗಿಲ್ಲ ಎಂದೇ ತಿಳಿಯಬೇಕು. ಊರ ಹೊರಗಿರುವ ಚೋರ್ ಗುಂಬಜ್ ಮಾತ್ರ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ನೋಡುವವರು ವಿರಳ, ಬರೆಯುವವರು ಹೇರಳ. ಸಾಹಿತ್ಯಕ್ಕೆ ಏಕಾಂತ ಬೇಕಲ್ಲವೇ?

ಹಫ್ತ್ ಗುಂಬಜ್‌ನ ಮಾತು ಬೇರೆ. 1422ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಫಿರೋಜ್ ಷಾ ಮಲಗಿರುವ ಈ ಆವರಣದಲ್ಲಿ, ಬೈಕಿನ ಕೀಲಿಯಿಂದ ಕೊರೆದ ಒಂದು ‘ಎಸ್’, ಅದರ ಪಕ್ಕ ಬಾಣ ನೆಟ್ಟ ಹೃದಯ, ಆಚೆಗೆ ಒಂದು ‘ಆರ್’ ಇದೆ. ಆ ‘ಆರ್’ ಅನ್ನು ಯಾರೋ ಉಜ್ಜಿ, ಅದರ ಮೇಲೆಯೇ ‘ಪಿ’ ಎಂದು ತಿದ್ದಿದ್ದಾರೆ. ಬಹಮನಿಗಳ ಪಟ್ಟಕ್ಕಾಗಿ ನಡೆದ ಕಲಹಗಳಿಗೆ ಗ್ರಂಥಾಧಾರ ಹುಡುಕುವ ವಿದ್ವಾಂಸರು ಈ ಸ್ಥಿತ್ಯಂತರದ ಕಡೆಗೂ ಗಮನ ಹರಿಸಬೇಕು.

ಕೋಟೆಯೊಳಗಿನ ಜಾಮಾ ಮಸೀದಿಯನ್ನು 1367ರಲ್ಲಿ ಕಟ್ಟಿದವನು ರಫಿ ಎಂಬ ಶಿಲ್ಪಿ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಕಟ್ಟಡಕ್ಕೆ ಮಾಡು ಹೊದಿಸಿದ ಈ ಮಹಾನುಭಾವ ತನ್ನ ಹೆಸರನ್ನು ಒಂದು ಶಾಸನದಲ್ಲಿ ಬರೆಸಿ ಸುಮ್ಮನಾದ. ಭೀಮಾ ತೀರದ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ದೊರೆತ ಶಿಲ್ಪದ ಮೇಲಂತೂ ‘ರಾಯ ಅಸೋಕೋ’ ಎಂದು ರಾಜನ ಹೆಸರಿದೆಯೇ ಹೊರತು ಕಡೆದವನದಿಲ್ಲ. ಪ್ರಚಾರದ ಮಹತ್ವ ತಿಳಿಯದ ಕಾಲವದು.

ನಮ್ಮ ಹಳೆಯ ಶಾಸನಗಳಲ್ಲಿ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಟ್ಟುತ್ತದೆ, ಅವನು ಅರವತ್ತು ಸಾವಿರ ವರ್ಷ ಮಲದೊಳಗಿನ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪಗಳಿರುತ್ತಿದ್ದವು. ಪ್ರಜಾಪ್ರಭುತ್ವ ಅಷ್ಟು ನಿಷ್ಕರುಣಿಯಲ್ಲ. 1958ರ ಸ್ಮಾರಕ ಸಂರಕ್ಷಣಾ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ತಂದ ಮೇಲೂ ಶಿಕ್ಷೆ 2 ವರ್ಷದವರೆಗಿನ ಸೆರೆ, ಇಲ್ಲವೇ 1 ಲಕ್ಷ ರೂಪಾಯಿಯವರೆಗಿನ ದಂಡ, ಅಥವಾ ಎರಡೂ. ಇದನ್ನು ಸಾರುವ ನೀಲಿ ಫಲಕವನ್ನು ಬಾಗಿಲಲ್ಲೇ ನಿಲ್ಲಿಸಿರುತ್ತಾರೆ. ಅದರ ಬಣ್ಣ ನುಣುಪಾಗಿರುವುದರಿಂದ ಅಕ್ಷರಗಳು ಕಲ್ಲಿಗಿಂತ ಚೆನ್ನಾಗಿ ಮೂಡುತ್ತವೆ.

ಕಳ್ಳನ ಜಾಡು ಹಿಡಿಯಲು ಪೊಲೀಸರು ಬೆರಳಚ್ಚು, ಕ್ಯಾಮೆರಾ, ನಾಯಿ ಎಂದೆಲ್ಲ ಹೆಣಗುತ್ತಾರೆ. ಇಲ್ಲಿ ಆ ಕಷ್ಟವೂ ಇಲ್ಲ. ಆರೋಪಿಯೇ ತನ್ನ ಹೆಸರು, ಊರು, ಕೃತ್ಯ ನಡೆದ ದಿನಾಂಕ, ಸಹ ಆರೋಪಿಯ ಹೆಸರು, ಒಮ್ಮೊಮ್ಮೆ ಮೊಬೈಲ್ ನಂಬರನ್ನೂ ಸ್ವಹಸ್ತದಿಂದ ಕೊರೆದು ಹೋಗಿರುತ್ತಾನೆ. ಹೀಗಿದ್ದೂ ಗೋಡೆ ಕೆಡಿಸಿದವರು ಯಾರೆಂದು ವಿಚಾರಿಸಿದರೆ, ‘ಯಾರೋ ಅಪರಿಚಿತರು’ ಎಂಬ ಉತ್ತರ ಸಿಗುತ್ತದೆ.