ಸುಂಕ ತೂಗುಯ್ಯಾಲೆಯಲ್ಲಿರುವಾಗ ಗಾರ್ಮೆಂಟ್ಸ್ ಕಾರ್ಖಾನೆ ಕೆಲಸಗಾರರನ್ನು ಕಡಿಮೆ ಮಾಡಬೇಕೇ?

ಪರ: ಏಳನೇ ತಾರೀಖು ಯಾರಿಗೂ ಕಾಯುವುದಿಲ್ಲ

2025ರ ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಭಾರತದ ಸರಕಿಗೆ ಶೇ 26 ಸುಂಕ ಎಂದರು. ಒಂದೇ ವಾರಕ್ಕೆ, 90 ದಿನ ತಡೆ ಎಂದರು. ಆಗಸ್ಟ್ 7ಕ್ಕೆ ಶೇ 25 ಜಾರಿಯಾಯಿತು, 27ಕ್ಕೆ ಅದು ಶೇ 50 ಆಯಿತು. ಇಂಥ ಮುಗಿಲನ್ನು ನಂಬಿ ಬಿತ್ತುವ ರೈತ ಯಾರಿದ್ದಾನೆ?

ನಾನು ಬೆಂಗಳೂರಿನ ಮೈಸೂರು ರಸ್ತೆಯ ಸಣ್ಣ ಗಾರ್ಮೆಂಟ್ಸ್ ಒಂದರಲ್ಲಿ ಲೆಕ್ಕ ಬರೆಯುವವನು. ಸುಂಕ ಏರಲಿ ಇಳಿಯಲಿ, ತಿಂಗಳ ಏಳಕ್ಕೆ ಸಂಬಳ, ಹದಿನೈದಕ್ಕೆ ಪಿಎಫ್. ಅಮೆರಿಕದ ಖರೀದಿದಾರ ಮಾತ್ರ ‘ಸ್ವಲ್ಪ ಕಾಯೋಣ’ ಎಂದು ಇಮೇಲ್ ಹಾಕಿ ಸುಮ್ಮನಾದ. ಒಂದು ಅಂಗಿಗೆ ನಮಗೆ ಉಳಿಯುವುದೇ ಚಿಲ್ಲರೆ; ಅದರಲ್ಲೂ ರಿಯಾಯಿತಿ ಬೇಕಂತೆ!

ಸೆಪ್ಟೆಂಬರಿನಲ್ಲಿ ಕತ್ತರಿಸಿಟ್ಟ ಕಾಲರ್‌ಗಳ ಕಟ್ಟು ಮೂರು ವಾರ ಮೇಜಿನ ಮೇಲೆಯೇ ಇತ್ತು. ಪಕ್ಕದ ದೂಳಿನಲ್ಲಿ ಯಾರೋ ಬೆರಳಿನಿಂದ ಹೂವು ಬರೆದಿದ್ದರು. ಆ ಲೈನಿನ ಮೂವತ್ತು ಮಂದಿಗೂ ಪೂರ್ತಿ ಸಂಬಳ ಹೋಯಿತು. ‘ಇವತ್ತೋ ನಾಳೆಯೋ ಅಮೆರಿಕದ ಜೊತೆ ವ್ಯಾಪಾರ ಒಪ್ಪಂದವಾಗುತ್ತದೆ’ ಎಂದು ಮಾಲೀಕರು ದಿನವೂ ಹೇಳುತ್ತಿದ್ದರು. ಹೇಳುತ್ತಲೇ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ಮಿತಿ ಮುಟ್ಟಿತು. ಮತ್ತೆ ಏಳನೇ ತಾರೀಖು ಬಂತು. ಆಗಸ್ಟಿನಲ್ಲೇ ಹತ್ತು ಜನರನ್ನು ಕಳುಹಿಸಿದ್ದರೆ ಉಳಿದ ಇಪ್ಪತ್ತು ಜನರ ಸಂಬಳಕ್ಕೆ ಬಡ್ಡಿ ಕಟ್ಟಬೇಕಿರಲಿಲ್ಲ.

ಎದುರಿನವರು ಕಾರ್ಖಾನೆಯನ್ನು ಅನಾಥಾಶ್ರಮ ಎಂದುಕೊಂಡಿದ್ದಾರೆ. ಏಳನೇ ತಾರೀಖಿಗೆ ಅವರ ಬಳಿ ಉತ್ತರವಿದೆಯೇ, ಕೇಳಿ ನೋಡಿ.

ವಿರೋಧ: ಕೈ ಹೋದರೆ ಮರಳುವುದಿಲ್ಲ

ಸಂಪಾದಕರು ಈ ಪಕ್ಷ ಕೊಟ್ಟರು, ಬರೆಯುತ್ತಿದ್ದೇನೆ. ಏಳನೇ ತಾರೀಖಿಗೆ ನನ್ನಲ್ಲೂ ಪೂರ್ತಿ ಉತ್ತರವಿಲ್ಲ. ಆದರೆ ತೆಗೆಯುವುದೂ ಪುಕ್ಕಟೆಯಲ್ಲ. ಕಾನೂನಿನಂತೆ, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಮೊದಲು ದುಪ್ಪಟ್ಟು ದರದ ಓವರ್‌ಟೈಮ್ ನಿಲ್ಲಿಸಲಿ. ಆರ್ಡರೇ ಇಲ್ಲದಾಗ ಓವರ್‌ಟೈಮ್ ಎಲ್ಲಿಯದು ಎಂದು ದಯವಿಟ್ಟು ಕೇಳಬೇಡಿ. ಹತ್ತಿಯ ಶೇ 11 ಆಮದು ಸುಂಕವನ್ನು ಕೇಂದ್ರ ಆ ಆಗಸ್ಟಿನಲ್ಲಿ ತಾತ್ಕಾಲಿಕವಾಗಿ ತೆಗೆದಿತ್ತು. ಉಳಿತಾಯವನ್ನು ಅಲ್ಲಿಯೂ ಹುಡುಕಬಹುದಿತ್ತು.

ಕೋವಿಡ್ ಕಾಲದಲ್ಲಿ ನಾನು ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದೆ. ನಲವತ್ತು ಮಂದಿಯನ್ನು ಮನೆಗೆ ಕಳುಹಿಸಿದೆವು. ಆರ್ಡರ್ ಮರಳಿದಾಗ ಮದ್ದೂರಿನ ಕಡೆಗೆ ವ್ಯಾನ್ ತೆಗೆದುಕೊಂಡು ಹೋದೆ. ಬಂದವರು ಹನ್ನೊಂದು. ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ ಎನಿಸಿದ್ದ ಅಕ್ಕ ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ‘ಇಲ್ಲೇ ರವಿಕೆ ಹೊಲಿಯುತ್ತೇನೆ ಸಾರ್, ಬೇಡ’ ಎಂದು ಮಜ್ಜಿಗೆ ಕೊಟ್ಟು ಕಳುಹಿಸಿದರು. ಆ ತಿಂಗಳು ಕಾಲರ್ ಸೊಟ್ಟಗಾಗಿ ತಪಾಸಣೆಯಲ್ಲಿ ವಾಪಸಾದ ಅಂಗಿಗಳನ್ನು ಎಣಿಸಿದವನು ನಾನೇ.