ಸ್ವಾವಲಂಬಿ ಆಗಿ, ಆದ್ರೆ ಯಾರಿಗೂ ಗೊತ್ತಾಗ್ಬಾರ್ದು

ಬಡವರಿಗೆ ಸೂರು ಕೊಟ್ಟು ಸ್ವಾವಲಂಬಿ ಮಾಡ್ತೇವೆ ಅಂತ ಭಾಷಣ ಕೇಳಿ ಕೇಳಿ ನಮ್ಮ ಉಡುಪಿ ಕಡೆ ಸಭಾಭವನದ ಪ್ಲಾಸ್ಟಿಕ್ ಕುರ್ಚಿಗಳಿಗೂ ಬಾಯಿಪಾಠ ಆಗಿರ್ಬಹುದು. ಮಾಡ್ಲಿ ಮಾರಾಯ್ರೆ, ಒಳ್ಳೇದೇ. ಆದ್ರೆ ಆ ಯೋಜನೆಯ ರೂಲ್ಸ್ ಬರೆದವರಿಗೆ ಬಡವ ಅಂದ್ರೆ ಹೇಗಿರ್ಬೇಕು ಅಂತ ಒಂದು ಪಕ್ಕಾ ಕಲ್ಪನೆ ಉಂಟು, ಅದರಿಂದ ಒಂದಿಂಚು ಆಚೆ ಬಂದ್ರೂ ನೀವು ಸಾಹುಕಾರ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ 2016ರಲ್ಲಿ ಶುರುವಾದಾಗ ಯಾರಿಗೆಲ್ಲ ಮನೆ ಕೊಡ್ಲಿಕ್ಕಿಲ್ಲ ಅಂತ ಒಂದು ಪಟ್ಟಿ ಇತ್ತು. ಬೈಕ್ ಇದ್ರೆ ಇಲ್ಲ. ಫ್ರಿಜ್ ಇದ್ರೆ ಇಲ್ಲ. ಮೋಟಾರು ದೋಣಿ ಇದ್ರೂ ಇಲ್ಲ, ಅಂದ್ರೆ ಮಲ್ಪೆಯಲ್ಲಿ ಸಾಲ ಮಾಡಿ ದೋಣಿಗೆ ಎಂಜಿನ್ ಕೂರಿಸಿದವ ಅದೇ ಕ್ಷಣ ಶ್ರೀಮಂತ, ಹುಟ್ಟು ಹಾಕ್ತಾ ಕೂತಿದ್ರೆ ಮನೆ ಆದ್ರೂ ಸಿಕ್ತಿತ್ತೋ ಏನೋ. ಎಲ್ಲಕ್ಕಿಂತ ಮಜಾ ಲ್ಯಾಂಡ್‌ಲೈನ್. ಮನೆಯಲ್ಲಿ ಲ್ಯಾಂಡ್‌ಲೈನ್ ಫೋನ್ ಇದ್ದವ ಬಡವ ಅಲ್ವಂತೆ! ಮನೆಯೇ ಇಲ್ಲದವ ಫೋನನ್ನು ಎಲ್ಲಿ ನೇತಾಡಿಸ್ಬೇಕಿತ್ತು, ಹಲಸಿನ ಮರದಲ್ಲಾ? 2024ರಲ್ಲಿ ದೊಡ್ಡ ಮನಸ್ಸು ಮಾಡಿ ಬೈಕು, ಫ್ರಿಜ್ಜು, ದೋಣಿ, ಲ್ಯಾಂಡ್‌ಲೈನು ಎಲ್ಲ ಕ್ಷಮಿಸಿದ್ರು, ಅಷ್ಟೊತ್ತಿಗೆ ಲ್ಯಾಂಡ್‌ಲೈನೇ ಸತ್ತು ವರ್ಷ ಆಗಿತ್ತು.

ಮನೆ ಸಿಕ್ತು ಅಂತ ಇಟ್ಕೊಳ್ಳಿ. ನಮ್ಮಂಥ ಬಯಲು ಜಾಗಕ್ಕೆ 1.20 ಲಕ್ಷ, ಕನಿಷ್ಠ 25 ಚದರ ಮೀಟರ್, ಅಡುಗೆ ಜಾಗವೂ ಅದರಲ್ಲೇ. ಜೊತೆಗೆ ಉದ್ಯೋಗ ಖಾತರಿಯಲ್ಲಿ 90 ದಿನದ ಕೂಲಿ, ಪಾಯಿಖಾನೆಗೆ 12 ಸಾವಿರ. ಇದನ್ನು ಹಿಡ್ಕೊಂಡು ಕೆಂಪುಕಲ್ಲಿನವನ ಹತ್ರ ಹೋದ್ರೆ ಅವ ಮುಖ ನೋಡಿ ಕೇಳ್ತಾನೆ, ಮನೆಗಾ ಕೋಳಿಗೂಡಿಗಾ ಅಂತ. ಹೊಯ್ಗೆ, ಅಂದ್ರೆ ಮರಳಿನ ವಿಷಯ ಮಾತಾಡ್ಲೇ ಬೇಡಿ. ಒಂದೊಂದು ಹಂತಕ್ಕೂ ಜಿಪಿಎಸ್ ಫೋಟೋ ಏರಿಸಿದ್ರೆ ಮಾತ್ರ ಮುಂದಿನ ಕಂತು, ಜೂನ್‌ನಲ್ಲಿ ಪಂಚಾಂಗದೊಳಗೆ, ಅಂದ್ರೆ ಮನೆಯ ಅಡಿಪಾಯದೊಳಗೆ, ಮೊಣಕಾಲವರೆಗೆ ನೀರು ನಿಂತಿರುವಾಗ ಎಂತದ್ದರ ಫೋಟೋ ತೆಗಿಯುದು, ಕಪ್ಪೆದ್ದಾ?

ಕಮ್ಮಿ ಬಿದ್ರೆ 70 ಸಾವಿರದವರೆಗೆ ಬ್ಯಾಂಕ್ ಸಾಲಕ್ಕೂ ಅವಕಾಶ ಉಂಟು. ನಿಜವಾದ ನಾಟಕ ಇರುದು ಇಲ್ಲಿ. ನಮ್ಮ ಹತ್ರದ ಬೀಡಿ ಕಟ್ಟುವ ಅಕ್ಕ ಒಬ್ರು ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಆದಾಯ ಪ್ರಮಾಣಪತ್ರ ಹಿಡ್ಕೊಂಡು ಎರಡೂ ಕಡೆ ಓಡಾಡಿದ್ರು. ಪಂಚಾಯ್ತಿಯಲ್ಲಿ, "ಎಂತ ಅಕ್ಕ, ಇಷ್ಟು ಆದಾಯ ತೋರ್ಸಿದ್ರೆ ಕಷ್ಟ ಆಗ್ತದೆ." ಬ್ಯಾಂಕಲ್ಲಿ ಅದೇ ಕಾಗದ ನೋಡಿ, "ಎಂತ ಅಮ್ಮ, ಇಷ್ಟು ಕಮ್ಮಿ ಆದಾಯಕ್ಕೆ ಸಾಲ ಹೇಗೆ ಕೊಡುದು?" ಒಂದೇ ಹೆಂಗಸು, ಒಂದೇ ಕಾಗದ, ಮುಖ್ಯರಸ್ತೆ ದಾಟುವಷ್ಟರಲ್ಲಿ ಸಿರಿವಂತೆಯಿಂದ ದರಿದ್ರಳಾದ್ರು.

ಇದರ ಮಧ್ಯೆ ಸ್ವಾವಲಂಬನೆಗೆ ಅಂತ ತರಬೇತಿ ಬೇರೆ, ಫಿನಾಯಿಲ್ ಮಾಡುದು ಹೇಗೆ ಅಂತ. ಎಲ್ರೂ ಫಿನಾಯಿಲ್ ಮಾಡಿದ್ರೆ ತಗೊಳ್ಳುದು ಯಾರು ಅಂತ ಕೇಳ್ಬಾರ್ದು, ಸರ್ಟಿಫಿಕೇಟ್ ತಗೊಂಡು ಫೋಟೋಕ್ಕೆ ನಿಲ್ಬೇಕು. ಅಕ್ಕ ಕಲಿತು ನಾಲ್ಕು ಬಾಟ್ಲಿ ಮಾರಿಯೂ ಬಿಟ್ರು. ಅದನ್ನು ಆದಾಯಕ್ಕೆ ಸೇರಿಸ್ಬೇಡಿ ಅಂತ ಉಪದೇಶ ಕೊಟ್ಟದ್ದೂ ತರಬೇತಿ ಕೊಡ್ಲಿಕ್ಕೆ ಬಂದವರೇ.

ಮೊದ್ಲು ಮನೆಯಲ್ಲಿ ಒಬ್ರು ತಿಂಗಳಿಗೆ 10 ಸಾವಿರಕ್ಕಿಂತ ಹೆಚ್ಚು ದುಡಿದ್ರೆ ಈ ಮನೆ ಯೋಜನೆಯಿಂದ ಔಟ್, ಈಗ ಅದನ್ನು 15 ಸಾವಿರಕ್ಕೆ ಏರ್ಸಿದ್ದಾರೆ. ಬಿಪಿಎಲ್ ಕಾರ್ಡಿಗೆ ಬೇರೆ ಲೆಕ್ಕ, ಇಡೀ ಮನೆಯ ಆದಾಯ ವರ್ಷಕ್ಕೆ 1.20 ಲಕ್ಷ ದಾಟ್ಬಾರ್ದು. ಅಂದ್ರೆ ಮನೆ ಸಿಗುವಷ್ಟು ಬಡವ ಅಕ್ಕಿ ಸಿಗುವಷ್ಟು ಬಡವ ಅಲ್ಲದೇ ಇರ್ಬಹುದು, ತಲೆ ತಿರುಗಿದ್ರೆ ಕೂತ್ಕೊಳ್ಳಿ.

ಮೊನ್ನೆ ಅಕ್ಕನ ಮಗನಿಗೆ ಮಣಿಪಾಲದಲ್ಲಿ ಕೆಲಸ ಸಿಕ್ತು, ಸಂಬಳ ಹದಿನೈದೂವರೆ ಸಾವಿರ. ನಾನು ಸ್ವೀಟ್ ಕೇಳ್ಲಿಕ್ಕೆ ಹೋದ್ರೆ ಅಕ್ಕ ಬೀಡಿ ಕಟ್ಟುವ ಮೊರ ಬದಿಗಿಟ್ಟು ಮೆಲ್ಲ ಕೇಳಿದ್ರು, "ಅಲ್ಲ ಮಾರಾಯ್ರೆ, ಆ ಕಂಪೆನಿಯವರ ಹತ್ರ ಹೇಳಿ ಒಂದು ಆರ್ನೂರು ರೂಪಾಯಿ ಕಮ್ಮಿ ಮಾಡಿಸ್ಲಿಕ್ಕೆ ಆಗ್ತದಾ?"